ಲಾರಿಯ ಸ್ಲೀಪರ್ ಕ್ಯಾಬಿನ್ನಿಗೆ ಇನ್ವರ್ಟರ್: ಎಷ್ಟು ವ್ಯಾಟ್, ಯಾವ ಬಗೆ?

ಪ್ರಶ್ನೆ: ದಾಸನಪುರದ ಲಾರಿ ಮಾಲೀಕ

ಎಲ್ಲರಿಗೂ ನಮಸ್ಕಾರ. ನಮ್ಮದು ಸ್ಲೀಪರ್ ಕ್ಯಾಬಿನ್ ಇರುವ ಹನ್ನೆರಡು ಚಕ್ರದ ಬಿಎಸ್ 6 ಲಾರಿ. ಪೀಣ್ಯದಿಂದ ಯಂತ್ರಗಳ ಬಿಡಿಭಾಗಗಳನ್ನು ತುಂಬಿಕೊಂಡು ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಹೈದರಾಬಾದ್, ನಾಗಪುರ, ಆಗ್ರಾ ದಾಟಿ ದೆಹಲಿಗೆ ಹೋಗುತ್ತದೆ. ಹಿಂತಿರುಗುವಾಗ ಸಿಕ್ಕ ಲೋಡನ್ನು ತರುತ್ತದೆ. ಓಡಿಸುವವನು ನನ್ನ ತಮ್ಮ, ಜೊತೆಗೆ ಇನ್ನೊಬ್ಬ ಚಾಲಕರಿದ್ದಾರೆ. ರಾತ್ರಿಯ ನಿಲುಗಡೆಯಷ್ಟೇ ಅಲ್ಲದೆ, ನಗರದೊಳಗೆ ಭಾರಿ ವಾಹನಗಳನ್ನು ಬಿಡುವ ಹೊತ್ತು ಬರುವವರೆಗೆ ದೇವನಹಳ್ಳಿಯ ಆಚೆ ಗಂಟೆಗಟ್ಟಲೆ ಕಾಯುವುದೂ ಇದೆ. ಹೀಗಾಗಿ ಕ್ಯಾಬಿನ್ನೇ ಅವರ ಮನೆಯಾಗಿದೆ.

ತಮ್ಮನಿಗೆ ಸಕ್ಕರೆ ಕಾಯಿಲೆಯಿದ್ದು, ವೈದ್ಯರು ಇತ್ತೀಚೆಗೆ ರಾತ್ರಿಗೊಂದು ಇನ್ಸುಲಿನ್ ಬರೆದುಕೊಟ್ಟಿದ್ದಾರೆ. ಧಾಬಾದ ಎಣ್ಣೆಯ ಊಟವನ್ನು ಬಿಟ್ಟು, ಹೊತ್ತಿಗೆ ಸರಿಯಾಗಿ ಮನೆಯಂಥ ಊಟ ಮಾಡಬೇಕೆಂದೂ ಹೇಳಿದ್ದಾರೆ. ಕ್ಯಾಬಿನ್ನಿನೊಳಗೆ ಗ್ಯಾಸ್ ಸ್ಟೌವ್ ಹಚ್ಚುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಆದ್ದರಿಂದ ವಿದ್ಯುತ್ತಿನಲ್ಲೇ ಅಡುಗೆ ಆಗಬೇಕು, ಇನ್ಸುಲಿನ್ ಇಡಲು ಒಂದು ಚಿಕ್ಕ ಫ್ರಿಜ್ ಬೇಕು, ಮಲಗುವಾಗ ಒಂದು ಫ್ಯಾನ್ ಬೇಕು, ಫೋನುಗಳ ಚಾರ್ಜಿಂಗ್ ಹೇಗೂ ಇದ್ದೇ ಇದೆ. ಇಂಡಕ್ಷನ್ ಒಲೆ, ರೈಸ್ ಕುಕ್ಕರ್, ಕೆಟಲ್, ಚಿಕ್ಕ ಮಿಕ್ಸಿ, ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಬಿಡಬೇಕು ಎಂಬುದು ತಿಳಿಯುತ್ತಿಲ್ಲ.

ಲಾರಿಯಲ್ಲಿ 12 ವೋಲ್ಟಿನ 130 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಗಳು ಎರಡಿದ್ದು, ಒಟ್ಟು 24 ವೋಲ್ಟ್ ಆಗುತ್ತದೆ. ವಿಚಾರಿಸಿದಲ್ಲೆಲ್ಲ ಬೇರೆ ಬೇರೆ ಉತ್ತರ ಸಿಕ್ಕಿದೆ. ಒಂದು ಅಂಗಡಿಯವರು ಮನೆಗೆ ಹಾಕುವ ಇನ್ವರ್ಟರನ್ನೂ ಟ್ಯೂಬ್ಯುಲರ್ ಬ್ಯಾಟರಿಯನ್ನೂ ಬರ್ತಿನ ಕೆಳಗೆ ಕೂರಿಸಿಕೊಡುತ್ತೇವೆ ಎಂದರು. ಇನ್ನೊಬ್ಬರು ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ವೈರ್ ಎಳೆದು 12 ವೋಲ್ಟಿನ ಇನ್ವರ್ಟರ್ ಹಾಕಿದರೆ ಅಗ್ಗವಾಗುತ್ತದೆ ಎಂದರು. ಆನ್‌ಲೈನಿನಲ್ಲಿ 3000 ವ್ಯಾಟ್ ಎಂದು ಬರೆದಿರುವ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆಗಳೂ ಕಾಣುತ್ತಿವೆ. ಬೆಳಗಿನ ಜಾವ ಎದ್ದು ನೋಡಿದರೆ ಸೆಲ್ಫ್ ಹೊಡೆಯದೆ, ಗೊತ್ತಿಲ್ಲದ ಊರಿನಲ್ಲಿ ತಮ್ಮ ಸಿಕ್ಕಿಕೊಳ್ಳಬಾರದು ಎನ್ನುವುದೇ ನನ್ನ ಮುಖ್ಯ ಚಿಂತೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಪೀಣ್ಯ ಆಟೋ ವೈರಿಂಗ್

ನಮಸ್ಕಾರ ಸರ್. ಇನ್ವರ್ಟರಿನ ಮಾತನ್ನು ಕೊನೆಗೆ ಇಟ್ಟುಕೊಂಡು, ಬ್ಯಾಟರಿಯಲ್ಲಿ ಎಷ್ಟು ಶಕ್ತಿಯಿದೆ ಎನ್ನುವುದನ್ನು ಮೊದಲು ನೋಡಬೇಕು. ದೊಡ್ಡ ನಲ್ಲಿ ಹಾಕಿದ ಮಾತ್ರಕ್ಕೆ ಸಂಪಿನ ನೀರು ಹೆಚ್ಚುವುದಿಲ್ಲ. 3000 ವ್ಯಾಟಿನ ಇನ್ವರ್ಟರ್ ತಂದರೆ ಇರುವ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಅಷ್ಟೇ.

ನಿಮ್ಮ ಎರಡು ಬ್ಯಾಟರಿಗಳು ಸೀರೀಸಿನಲ್ಲಿ, ಅಂದರೆ ಒಂದರ ಹಿಂದೊಂದು ಜೋಡಿಸಿರುವುದರಿಂದ 24 ವೋಲ್ಟಿನಲ್ಲಿ 130 ಎಎಚ್, ಅಂದರೆ ಲೆಕ್ಕಕ್ಕೆ 3120 ವ್ಯಾಟ್-ಗಂಟೆ. ಇದನ್ನು ಪೂರ್ತಿ ಬಳಸುವಂತಿಲ್ಲ. ಲಾರಿಯ ಬ್ಯಾಟರಿ ಎಂಜಿನ್ ಸ್ಟಾರ್ಟ್ ಮಾಡಲು ಕೆಲವು ಕ್ಷಣ ಭಾರಿ ಕರೆಂಟ್ ಕೊಡುವಂತೆ ತೆಳುವಾದ ಪ್ಲೇಟುಗಳಿಂದ ಮಾಡಿದ್ದು. ಅದನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಪ್ಲೇಟು ಉದುರಿ ಬೇಗ ಹಾಳಾಗುತ್ತದೆ. ಸ್ಟಾರ್ಟಿಂಗ್ ಬ್ಯಾಟರಿಯಿಂದ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆ ಲೆಕ್ಕದಲ್ಲಿ ನಿಮಗೆ ಒಂದು ನಿಲುಗಡೆಗೆ ಸಿಗುವುದು ಸುಮಾರು 780 ವ್ಯಾಟ್-ಗಂಟೆ.

ಈಗ ಖರ್ಚಿನ ಕಡೆ ನೋಡೋಣ. 24 ವೋಲ್ಟಿನಲ್ಲೇ ನೇರವಾಗಿ ತಿರುಗುವ ಡಿಸಿ (ಬ್ಯಾಟರಿಯ ಕರೆಂಟಿನ) ಫ್ಯಾನ್ 25 ವ್ಯಾಟ್ ಎಳೆದರೆ ಎಂಟು ಗಂಟೆಗೆ 200. ಡಿಸಿ ಕಂಪ್ರೆಸರ್ ಇರುವ ಚಿಕ್ಕ ಫ್ರಿಜ್ 45 ವ್ಯಾಟಿನದಾದರೂ ತಣ್ಣಗಾದ ಮೇಲೆ ನಿಂತು ನಿಂತು ನಡೆಯುವುದರಿಂದ ರಾತ್ರಿಗೆ 180ರಿಂದ 200. ನಾಗಪುರದ ಮೇ ತಿಂಗಳಲ್ಲಿ ಇದು ಇನ್ನೂ ಹೆಚ್ಚು. ಫೋನು, ಎಲ್‌ಇಡಿ ದೀಪ ಎಲ್ಲ ಸೇರಿ 50. ಅಲ್ಲಿಗೆ ಸುಮಾರು 450 ಆಯಿತು, ಅಡುಗೆ ಇನ್ನೂ ಶುರುವೇ ಆಗಿಲ್ಲ. ಆದರೆ ಗಮನಿಸಿ, ಇಲ್ಲಿಯವರೆಗೆ ಹೇಳಿದ ಯಾವುದಕ್ಕೂ ಇನ್ವರ್ಟರ್ ಬೇಕಿಲ್ಲ. 24 ವೋಲ್ಟನ್ನು 230 ವೋಲ್ಟಿಗೆ ಏರಿಸಿ, ಅದನ್ನು ಮತ್ತೆ ಅಡಾಪ್ಟರಿನಲ್ಲಿ ಇಳಿಸಿ ಫೋನ್ ಚಾರ್ಜ್ ಮಾಡುವುದರಲ್ಲಿ ಎರಡು ಕಡೆ ಶಕ್ತಿ ಸೋರಿಹೋಗುತ್ತದೆ. ಇನ್ವರ್ಟರ್ ಸುಮ್ಮನೆ ಆನ್ ಆಗಿದ್ದರೂ 12ರಿಂದ 24 ವ್ಯಾಟ್ ತಿನ್ನುತ್ತದೆ. ರಾತ್ರಿಯಿಡೀ ಬಿಟ್ಟರೆ ಏನೂ ಕೆಲಸವಿಲ್ಲದೆ 100ರಿಂದ 200 ವ್ಯಾಟ್-ಗಂಟೆ ಹೋಯಿತು. ಹಾಗಾಗಿ ರಾತ್ರಿಯಿಡೀ ನಡೆಯುವುದೆಲ್ಲ ನೇರ 24 ವೋಲ್ಟಿನಲ್ಲಿರಲಿ. ಇನ್ವರ್ಟರ್ ಅಡುಗೆಗೆ ಮಾತ್ರ, ಅಡುಗೆ ಮುಗಿದ ತಕ್ಷಣ ಅದು ಆಫ್ ಆಗಿರಬೇಕು.

ಅಡುಗೆಗೆ ಇಂಡಕ್ಷನ್ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. 2000 ವ್ಯಾಟಿನ ಒಲೆ ಪೂರ್ತಿ ಉರಿಯಲ್ಲಿ 24 ವೋಲ್ಟಿನಿಂದ ಸುಮಾರು 95 ಆಂಪಿಯರ್ ಎಳೆಯುತ್ತದೆ. ಉರಿ ಕಡಿಮೆ ಮಾಡಿದರೆ ಕಡಿಮೆ ಎಳೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಎಷ್ಟೋ ಒಲೆಗಳು ಕಡಿಮೆ ಉರಿಯಲ್ಲಿ ಭಾರಿ ಲೋಡನ್ನೇ ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತವೆ, ಆದ್ದರಿಂದ ಇನ್ವರ್ಟರ್ ಆ ಪೂರ್ತಿ ಲೋಡಿಗೇ ತಕ್ಕದ್ದಿರಬೇಕು. ಸೀಸ-ಆಮ್ಲದ ಬ್ಯಾಟರಿಯಿಂದ ಇಷ್ಟು ಕರೆಂಟನ್ನು ಒಮ್ಮೆಲೇ ತೆಗೆದರೆ ಅದರ ಮೇಲೆ ಬರೆದಿರುವ ಎಎಚ್ ಕೂಡ ಕೈಗೆ ಸಿಗುವುದಿಲ್ಲ, ಏಕೆಂದರೆ ಆ ಅಂಕಿ ಇಪ್ಪತ್ತು ಗಂಟೆಗಳಲ್ಲಿ ನಿಧಾನವಾಗಿ ಖಾಲಿ ಮಾಡಿದರೆ ಸಿಗುವ ಲೆಕ್ಕ. ಬದಲಿಗೆ ಒಂದು ಲೀಟರಿನ ಚಿಕ್ಕ ರೈಸ್ ಕುಕ್ಕರ್ ತೆಗೆದುಕೊಳ್ಳಿ. 400ರಿಂದ 500 ವ್ಯಾಟ್, ಅರ್ಧ ಗಂಟೆಯಲ್ಲಿ ಇಬ್ಬರಿಗೆ ಅನ್ನವಾಗುತ್ತದೆ. ಇನ್ವರ್ಟರಿನ ನಷ್ಟ ಸೇರಿಸಿದರೂ 280 ವ್ಯಾಟ್-ಗಂಟೆಯೊಳಗೆ ಮುಗಿಯುತ್ತದೆ. ಬೇಳೆ, ತರಕಾರಿ, ಗೋಧಿ ನುಚ್ಚಿನ ಉಪ್ಪಿಟ್ಟು ಎಲ್ಲವೂ ಅದರಲ್ಲೇ ಆಗುತ್ತದೆ. ಮನೆಗಳಲ್ಲಿ ಬಳಸುವ 1500 ವ್ಯಾಟಿನ ಕೆಟಲ್ ಬೇಡ, ನೀರನ್ನೂ ಕುಕ್ಕರಿನಲ್ಲೇ ಕಾಯಿಸಬಹುದು. ಮಿಕ್ಸಿ ಐದು ನಿಮಿಷದ ಕೆಲಸವೇ ಆದರೂ ಮೋಟಾರು ಹೊರಡುವ ಕ್ಷಣದಲ್ಲಿ ತನ್ನ ವ್ಯಾಟಿನ ಹಲವು ಪಟ್ಟು ಎಳೆಯುತ್ತದೆ, ಆ ಒಂದು ಕ್ಷಣಕ್ಕಾಗಿ ದೊಡ್ಡ ಇನ್ವರ್ಟರ್ ಕೊಳ್ಳಬೇಕಾಗುತ್ತದೆ. ಸಾರಿನ ಪುಡಿ, ಚಟ್ನಿಪುಡಿ ಮನೆಯಿಂದಲೇ ಕಟ್ಟಿಕೊಟ್ಟರೆ ಮಿಕ್ಸಿಯ ಅಗತ್ಯವೇ ಬೀಳುವುದಿಲ್ಲ.

ಇಷ್ಟಕ್ಕೆ 24 ವೋಲ್ಟಿನ, 230 ವೋಲ್ಟ್ 50 ಹರ್ಟ್ಸ್ ಕೊಡುವ, 1000 ವ್ಯಾಟಿನ ಪ್ಯೂರ್ ಸೈನ್ ವೇವ್ (ಮನೆಯ ಲೈನಿನಂತೆ ನಯವಾದ ಅಲೆಯ ಕರೆಂಟ್ ಕೊಡುವ) ಇನ್ವರ್ಟರ್ ಸಾಕು. ಕುಕ್ಕರಿನಂಥ ಬರೀ ಕಾಯಿಲ್ ಇರುವ ವಸ್ತು ಸ್ಕ್ವೇರ್ ವೇವಿನಲ್ಲೂ ನಡೆಯುತ್ತದೆ, ನಿಜ. ಆದರೆ ನಾಳೆ ಬೇರೇನಾದರೂ ಸಿಕ್ಕಿಸಿದಾಗ ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುವುದು, ಅಡಾಪ್ಟರ್ ಕೈಕೊಡುವುದು ಆಗುತ್ತದೆ. ಆ ಉಳಿತಾಯ ಬೇಡ. ಪೆಟ್ಟಿಗೆಯ ಮೇಲೆ ವಿಎ (ವೋಲ್ಟ್-ಆಂಪಿಯರ್) ಎಂದು ಬರೆದಿದ್ದರೆ ಅದನ್ನೇ ವ್ಯಾಟ್ ಎಂದುಕೊಳ್ಳಬೇಡಿ, ಪವರ್ ಫ್ಯಾಕ್ಟರ್ 0.8 ಇದ್ದರೆ 1000 ವಿಎ ಎನ್ನುವುದು 800 ವ್ಯಾಟ್ ಮಾತ್ರ.

ನೀವು ನೋಡಿದ 3000 ವ್ಯಾಟಿನ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಪರೀಕ್ಷಿಸುವ ಒಂದು ಉಪಾಯವಿದೆ. ಅದರ ಹಿಂಬದಿಯಲ್ಲಿ ಅಥವಾ ಒಳಗೆ ಇರುವ ಡಿಸಿ ಫ್ಯೂಸುಗಳ ಆಂಪಿಯರನ್ನು ಕೂಡಿಸಿ, 24ರಿಂದ ಗುಣಿಸಿ. 40 ಆಂಪಿಯರ್ ಫ್ಯೂಸ್ ಒಂದೇ ಇದ್ದರೆ 960 ವ್ಯಾಟಿಗಿಂತ ಹೆಚ್ಚನ್ನು ಅದು ಬ್ಯಾಟರಿಯಿಂದ ಎಳೆಯಲಾರದು, ಹೊರಗೆ ಬರುವುದು ಇನ್ನೂ ಕಡಿಮೆ. ಜೊತೆಗೆ ಕೊಟ್ಟಿರುವ ವೈರ್ ಪೆನ್ಸಿಲ್ ದಪ್ಪವೂ ಇಲ್ಲದಿದ್ದರೆ ಮುಂದೆ ಮಾತಾಡುವ ಅಗತ್ಯವೇ ಇಲ್ಲ.

ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ಡೈನಮೊ) ಎರಡನ್ನೂ ಒಟ್ಟಿಗೆ 28 ವೋಲ್ಟಿನ ಹತ್ತಿರ ಚಾರ್ಜ್ ಮಾಡುತ್ತದೆ, ಯಾವುದು ಖಾಲಿ ಯಾವುದು ತುಂಬಿದೆ ಎಂದು ಅದಕ್ಕೆ ತಿಳಿಯದು. ವೈರ್ ಎಳೆದ ಬ್ಯಾಟರಿ 13 ವೋಲ್ಟಿನಲ್ಲಿ ಅರೆಹೊಟ್ಟೆಯಲ್ಲಿದ್ದರೆ ಪಕ್ಕದ್ದಕ್ಕೆ 15 ವೋಲ್ಟ್ ಬೀಳುತ್ತದೆ. ಕೆಲವು ತಿಂಗಳ ನಂತರ ಮುಚ್ಚಳ ತೆಗೆದು ನೋಡಿದರೆ ಒಂದರಲ್ಲಿ ನೀರು ಪ್ಲೇಟಿನ ಕೆಳಗೆ ಇಳಿದಿರುತ್ತದೆ, ಇನ್ನೊಂದರಲ್ಲಿ ಹೈಡ್ರೋಮೀಟರ್ ಮೇಲೇಳುವುದೇ ಇಲ್ಲ, ಎರಡೂ ಬದಲಿಸಬೇಕಾಗುತ್ತದೆ. 12 ವೋಲ್ಟಿನ ವಸ್ತು ಏನಾದರೂ ಇದ್ದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರನ್ನೇ ಹಾಕಿಸಬೇಕು.

ಉತ್ತರ: ಹೆದ್ದಾರಿ 48ರ ಚಾಲಕ

ಮೇಲಿನವರು ಹೇಳಿದ್ದು ಬಹುಮಟ್ಟಿಗೆ ಸರಿ. ನಾನು ಬೆಂಗಳೂರಿನಿಂದ ಹುಬ್ಬಳ್ಳಿ, ಪುಣೆ ಮಾರ್ಗವಾಗಿ ಮುಂಬೈಗೆ ಓಡಿಸುವವನು. ಕ್ಯಾಬಿನ್ನಿನಲ್ಲಿ ಬದುಕುವ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ಅಡುಗೆಯನ್ನು ಯಾವಾಗ ಮಾಡುತ್ತೇವೆ ಎನ್ನುವುದು ಎಷ್ಟು ವ್ಯಾಟ್ ಎನ್ನುವಷ್ಟೇ ಮುಖ್ಯ. ದಿನವಿಡೀ ಓಡಿ ಬಂದು ನಿಲ್ಲಿಸಿದ ಕೂಡಲೇ ಬ್ಯಾಟರಿ ತುಂಬಿರುತ್ತದೆ, ಆಗಲೇ ಕುಕ್ಕರ್ ಇಟ್ಟುಬಿಡಬೇಕು. ರಾತ್ರಿಯೆಲ್ಲ ಫ್ಯಾನು, ಫ್ರಿಜ್ ನಡೆದ ಮೇಲೆ ಬೆಳಗ್ಗೆ ಎದ್ದು, ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಅಡುಗೆಗೆ ಕೂರುವುದು ಸೆಲ್ಫ್ ಕೈಕೊಡುವ ನೇರ ದಾರಿ. ಬೆಳಗಿನ ತಿಂಡಿ ಬೇಕಿದ್ದರೆ ಮೊದಲು ಎಂಜಿನ್ ಸ್ಟಾರ್ಟ್ ಆಗಲಿ, ಬ್ರೇಕಿನ ಏರ್ ಟ್ಯಾಂಕ್ ತುಂಬುವ ಹೊತ್ತಿನಲ್ಲಿ ಕುಕ್ಕರ್ ನಡೆಯಲಿ. ಹಾಗೆಂದು ಅಡುಗೆಗಾಗಿಯೇ ಗಂಟೆಗಟ್ಟಲೆ ಐಡಲ್ ಬಿಡಬೇಡಿ. ದೊಡ್ಡ ಎಂಜಿನ್ ನಿಂತಲ್ಲೇ ಗಂಟೆಗೆ ಎರಡು-ಮೂರು ಲೀಟರ್ ಡೀಸೆಲ್ ಕುಡಿಯುತ್ತದೆ, ಐಡಲಿನಲ್ಲಿ ಆಲ್ಟರ್ನೇಟರ್ ತನ್ನ ಪೂರ್ತಿ ಶಕ್ತಿಯನ್ನು ಕೊಡುವುದೂ ಇಲ್ಲ. ಓಡುವ ಲಾರಿಯಲ್ಲಿ ಕುಕ್ಕರ್ ಇಡುವುದಂತೂ ಯಾವ ಕಾರಣಕ್ಕೂ ಬೇಡ. ಒಂದು ಜೋರು ಬ್ರೇಕಿಗೆ ಕುದಿಯುವ ಗಂಜಿ ಬರ್ತಿನಲ್ಲಿ ಮಲಗಿದವರ ಮೈಮೇಲೆ ಬೀಳುತ್ತದೆ.

ಇನ್ವರ್ಟರನ್ನು ಎಲ್ಲಿ ಕೂರಿಸುತ್ತಾರೆ ಎಂಬುದನ್ನು ನಿಂತು ನೋಡಿ. ಬರ್ತಿನ ಕೆಳಗಿನ ಪೆಟ್ಟಿಗೆಯಲ್ಲಿ, ಕಂಬಳಿ, ಬಟ್ಟೆಯ ಗಂಟುಗಳ ನಡುವೆ ತುರುಕುವವರೇ ಹೆಚ್ಚು. ಅದರ ಫ್ಯಾನಿಗೆ ಗಾಳಿ ಸಿಗದಿದ್ದರೆ ಬಿಸಿಯಾಗಿ ತಾನೇ ನಿಂತುಬಿಡುತ್ತದೆ, ಕೆಟ್ಟ ಮಾಲಾದರೆ ನಿಲ್ಲದೆ ಸುಡುತ್ತದೆ. ಸೀಟಿನ ಹಿಂದಿನ ಗೋಡೆಗೆ ನಿಲ್ಲಿಸಿ ಬೋಲ್ಟ್ ಹಾಕಿದರೆ ಧೂಳೂ ಕಡಿಮೆ, ಕೈಗೂ ಎಟಕುತ್ತದೆ. ಅಡುಗೆ ಮಾಡುವಾಗ ಎರಡೂ ಕಡೆಯ ಗಾಜು ಇಳಿಸಿಕೊಳ್ಳಿ, ಹಬೆಯ ನೀರು ಸಾಕೆಟ್ಟಿನ ಮೇಲೆ ಕೂರಬಾರದು.

ಸಿಗರೇಟ್ ಲೈಟರ್ ಸಾಕೆಟ್ಟಿನಿಂದ 150 ವ್ಯಾಟಿಗಿಂತ ಹೆಚ್ಚು ಎಳೆಯಬೇಡಿ. ಅದರ ಫ್ಯೂಸ್ 10 ಅಥವಾ 15 ಆಂಪಿಯರ್ ಮಾತ್ರ. ದೊಡ್ಡ ಫ್ಯೂಸ್ ಹಾಕಿಬಿಡುತ್ತೇನೆ ಎನ್ನುವವರ ಕೈಗೆ ಲಾರಿ ಕೊಡಬೇಡಿ, ಡ್ಯಾಶಿನೊಳಗಿನ ತೆಳು ವೈರ್ ಹೊತ್ತಿಕೊಳ್ಳುತ್ತದೆ.

ಎಸಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದೆ ಯಾರಾದರೂ ನಿಮ್ಮ ತಮ್ಮನವರಿಗೆ ಹೇಳಿಯೇ ಹೇಳುತ್ತಾರೆ. 2025ರಲ್ಲಿ ಜಾರಿಗೆ ಬಂದ ನಿಯಮದಂತೆ ಹೊಸ ಎನ್2, ಎನ್3 ವರ್ಗದ (ಮಧ್ಯಮ ಮತ್ತು ಭಾರಿ ತೂಕದ) ಲಾರಿಗಳ ಕ್ಯಾಬಿನ್ನಿನಲ್ಲಿ ಎಸಿ ಕಡ್ಡಾಯ, ಇದು ನಮ್ಮಂಥವರಿಗೆ ದೊಡ್ಡ ಉಪಕಾರ. ಆದರೆ ಅದು ಎಂಜಿನ್ ಜೊತೆಗೆ ನಡೆಯುವ ಎಸಿ. ನಿಂತಾಗ ನಡೆಯುವಂತೆ ಮನೆಯ ಎಸಿಯನ್ನು ಇನ್ವರ್ಟರಿಗೆ ಹಚ್ಚುವ ಯೋಚನೆ ಬೇಡ. ಅದಕ್ಕೆ 24 ವೋಲ್ಟಿನ ಪಾರ್ಕಿಂಗ್ ಎಸಿ ಬೇರೆಯೇ ಇದೆ, ಅದರ ಬ್ಯಾಟರಿಯ ಖರ್ಚೂ ಬೇರೆಯೇ ಇದೆ.

ಪೆಟ್ರೋಲ್, ಗ್ಯಾಸ್ ಸಾಗಿಸುವ ಟ್ಯಾಂಕರಿನವರು ಇದನ್ನು ಓದುತ್ತಿದ್ದರೆ ಒಂದು ಮಾತು: ಈ ಚರ್ಚೆ ನಿಮ್ಮ ವಾಹನಕ್ಕೆ ಅನ್ವಯಿಸುವುದಿಲ್ಲ. ಅವುಗಳ ವೈರಿಂಗಿಗೆ ಪ್ರತ್ಯೇಕ ಸುರಕ್ಷತಾ ನಿಯಮಗಳಿವೆ, ಕೈಯಾರೆ ಒಂದು ತಂತಿಯನ್ನೂ ಸೇರಿಸಬಾರದು.

ದಾಸನಪುರದ ಲಾರಿ ಮಾಲೀಕ

ಇಬ್ಬರಿಗೂ ತುಂಬ ಧನ್ಯವಾದಗಳು. ಇಂಡಕ್ಷನ್, ಮಿಕ್ಸಿ, ಕೆಟಲ್ ಮೂರನ್ನೂ ಬಿಟ್ಟೆ. ತಮ್ಮನೊಂದಿಗೆ ಮಾತಾಡಿದೆ, ರಾತ್ರಿ ಅನ್ನ, ಬೇಳೆ, ಬೆಳಗ್ಗೆ ಉಪ್ಪಿಟ್ಟು ಆದರೆ ಸಾಕು ಎಂದ. ಲೆಕ್ಕ ಹಾಕಿ ನೋಡಿದರೆ 450ಕ್ಕೆ ಎರಡು ಹೊತ್ತಿನ ಕುಕ್ಕರ್ ಸೇರಿಸಿದಾಗ ನೀವು ಹೇಳಿದ 780 ದಾಟುತ್ತದೆ. ಹಾಗಾಗಿ ಕ್ಯಾಬಿನ್ನಿನ ಬಳಕೆಗೆಂದೇ ಬೇರೆ ಬ್ಯಾಟರಿ ಇಡುವುದು ಸರಿಯೇ? ಇಡುವುದಾದರೆ ಟ್ಯೂಬ್ಯುಲರ್, ಲಿಥಿಯಂ, ಮತ್ತೊಂದು ಲಾರಿ ಬ್ಯಾಟರಿ, ಇವುಗಳಲ್ಲಿ ಯಾವುದು? ಅಗ್ಗದ ತಣ್ಣನೆಯ ಪೆಟ್ಟಿಗೆಗಳು ಬರುತ್ತವಲ್ಲ, ಕಂಪ್ರೆಸರ್ ಇಲ್ಲದವು, ಇನ್ಸುಲಿನ್‌ಗೆ ಅವು ಸಾಕಾಗುತ್ತವೆಯೇ ಎನ್ನುವುದನ್ನೂ ತಿಳಿಸಿ.

ಉತ್ತರ: ಬ್ಯಾಟರಿ ವ್ಯಾಪಾರಿ, ಜೆ.ಸಿ. ರಸ್ತೆ

ನಿಮ್ಮ ಬಳಕೆಗೆ ಬೇರೆ ಬ್ಯಾಟರಿ ಇಡುವುದೇ ಸರಿ. ಎಂಜಿನ್ನಿನ ಬ್ಯಾಟರಿಗೆ ಕ್ಯಾಬಿನ್ನಿನ ಹಂಗೇ ಇಲ್ಲದಿದ್ದರೆ ಸೆಲ್ಫಿನ ಚಿಂತೆ ಅರ್ಧಕ್ಕೂ ಹೆಚ್ಚು ಕಡಿಮೆಯಾಗುತ್ತದೆ.

ಮನೆಯ ಟ್ಯೂಬ್ಯುಲರ್ ಬ್ಯಾಟರಿ ಬೇಡ. ಅದು ಒಂದೆಡೆ ಅಲುಗಾಡದೆ ನಿಂತಿರಲು ಮಾಡಿದ್ದು. 150 ಎಎಚ್‌ನದು ಐವತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ, ಹಳ್ಳಕೊಳ್ಳದ ರಸ್ತೆಯಲ್ಲಿ ಆಮ್ಲ ಚೆಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಹೊರಬರುತ್ತದೆ. ಮುಚ್ಚಿದ ಕ್ಯಾಬಿನ್ನಿನಲ್ಲಿ, ಮಲಗಿದವರ ಬೆನ್ನ ಕೆಳಗೆ, ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಅನಿಲ ಸೇರಿಕೊಳ್ಳುವುದನ್ನು ನಾನು ಊಹಿಸಲೂ ಬಯಸುವುದಿಲ್ಲ. ಮನೆಯ ಇನ್ವರ್ಟರ್ ತನ್ನ ಬ್ಯಾಟರಿಯನ್ನು 230 ವೋಲ್ಟಿನ ಲೈನಿನಿಂದ ಚಾರ್ಜ್ ಮಾಡುವಂಥದ್ದು, ಓಡುವ ಲಾರಿಯ ಆಲ್ಟರ್ನೇಟರಿನ ಜೊತೆಗೆ ಅದಕ್ಕೆ ಹೊಂದಾಣಿಕೆಯೇ ಇಲ್ಲ.

ಉಳಿಯುವುದು ಎರಡು ದಾರಿ. ಮೊದಲನೆಯದು ಸೀಲ್ ಆಗಿರುವ, ಡೀಪ್ ಸೈಕಲ್ ಬಳಕೆಗೆ (ಆಳಕ್ಕೆ ಖಾಲಿ ಮಾಡಿ ಮತ್ತೆ ತುಂಬಲು) ಮಾಡಿದ ಎಜಿಎಂ (ಆಮ್ಲವನ್ನು ಗಾಜಿನ ನಾರು ಹೀರಿಟ್ಟುಕೊಂಡಿರುವ) ಅಥವಾ ಜೆಲ್ ಬ್ಯಾಟರಿ, 12 ವೋಲ್ಟಿನ 100 ಎಎಚ್‌ನವು ಎರಡು. 24 ವೋಲ್ಟಿನಲ್ಲಿ 2400 ವ್ಯಾಟ್-ಗಂಟೆ, ಅರ್ಧ ಬಳಸಿದರೂ 1200. ನಿಮ್ಮ ಎರಡು ಹೊತ್ತಿನ ಅಡುಗೆ, ಫ್ಯಾನು, ಫ್ರಿಜ್ ಎಲ್ಲವೂ ಇದರೊಳಗೆ ಬರುತ್ತದೆ. ಎರಡೂ ಒಂದೇ ಕಂಪನಿಯ, ಒಂದೇ ತಿಂಗಳಿನ ತಯಾರಿಕೆಯವಾಗಿರಲಿ. ಹಳೆಯದೊಂದು, ಹೊಸದೊಂದು ಸೇರಿಸಿದರೆ ಹಳೆಯದು ಹೊಸದನ್ನೂ ಎಳೆದು ಹಾಕುತ್ತದೆ.

ಎರಡನೆಯದು ಲಿಥಿಯಂ ಐರನ್ ಫಾಸ್ಫೇಟ್. 25.6 ವೋಲ್ಟಿನ 100 ಎಎಚ್ ತೆಗೆದುಕೊಂಡರೆ 2560 ವ್ಯಾಟ್-ಗಂಟೆಯಲ್ಲಿ ಶೇಕಡಾ 80ರಷ್ಟನ್ನು ಧೈರ್ಯವಾಗಿ ಬಳಸಬಹುದು, ತೂಕ ಅರ್ಧಕ್ಕಿಂತ ಕಡಿಮೆ, ಕುಕ್ಕರ್ ಹಾಕಿದಾಗ ವೋಲ್ಟೇಜ್ ಕುಸಿಯುವುದಿಲ್ಲ. ಬೆಲೆ ಹೆಚ್ಚು. ಇದಕ್ಕೆ ಆಲ್ಟರ್ನೇಟರಿನಿಂದ ನೇರ ವೈರ್ ಕೊಡುವಂತಿಲ್ಲ. ಖಾಲಿಯಾದ ಲಿಥಿಯಂ ಬ್ಯಾಟರಿ ಸಿಕ್ಕಷ್ಟು ಕರೆಂಟ್ ನುಂಗುತ್ತದೆ, ಆಲ್ಟರ್ನೇಟರ್ ಕಾಯ್ದು ಸುಟ್ಟುಹೋಗುವ ಸಾಧ್ಯತೆಯಿದೆ. ಆಲ್ಟರ್ನೇಟರಿನ ಕರೆಂಟನ್ನು ಹದಮಾಡಿ ಬ್ಯಾಟರಿಗೆ ಕೊಡುವ, ಲಿಥಿಯಂ ಸೆಟ್ಟಿಂಗ್ ಇರುವ ಡಿಸಿ-ಡಿಸಿ ಚಾರ್ಜರ್ ನಡುವೆ ಇರಲೇಬೇಕು. ಇನ್ನೊಂದು ಎಚ್ಚರಿಕೆ, ಶೂನ್ಯ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು. ದೆಹಲಿಯ ಚಳಿಯಲ್ಲಿ ಕ್ಯಾಬಿನ್ನಿನ ಒಳಗಿದ್ದರೆ ತೊಂದರೆಯಿಲ್ಲ, ಹಿಮಾಚಲ, ಕಾಶ್ಮೀರದ ಲೋಡು ಹಿಡಿಯುವುದಾದರೆ ಚಳಿಯಲ್ಲಿ ತಾನೇ ಚಾರ್ಜ್ ನಿಲ್ಲಿಸುವ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಇದೆಯೇ ಎಂದು ಕೇಳಿ ತೆಗೆದುಕೊಳ್ಳಬೇಕು.

ಎಜಿಎಂ ಆದರೂ ಡಿಸಿ-ಡಿಸಿ ಚಾರ್ಜರ್ ಹಾಕಿಸುವುದೇ ಒಳ್ಳೆಯದು. ಅಷ್ಟು ಖರ್ಚು ಬೇಡವೆಂದರೆ ವೋಲ್ಟೇಜ್ ನೋಡಿ ಕೆಲಸ ಮಾಡುವ ಐಸೋಲೇಟರ್ ರಿಲೇ ಸಿಗುತ್ತದೆ: ಎಂಜಿನ್ ನಡೆಯುವಾಗ ಎರಡೂ ಜೋಡಿಯನ್ನು ಸೇರಿಸುತ್ತದೆ, ಎಂಜಿನ್ ನಿಂತು ವೋಲ್ಟೇಜ್ ಇಳಿದಾಗ ಬೇರ್ಪಡಿಸುತ್ತದೆ. ನಾನು ಬ್ಯಾಟರಿ ಮಾರುವವನಾದರೂ ಹೇಳುತ್ತೇನೆ, ಅಂಗಡಿಗೆ ಬಂದಾಗ ಬ್ಯಾಟರಿಯನ್ನು ಕೇಳುವ ಮೊದಲು ಚಾರ್ಜಿಂಗ್ ಹೇಗೆ ಎಂದು ಕೇಳಿ. ಸರಿಯಾಗಿ ಚಾರ್ಜ್ ಆಗದ ದುಬಾರಿ ಬ್ಯಾಟರಿಗಿಂತ ಸರಿಯಾಗಿ ಚಾರ್ಜ್ ಆಗುವ ಸಾಧಾರಣ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ.

ಉತ್ತರ: ಔಷಧ ಅಂಗಡಿ, ಯಶವಂತಪುರ

ಇನ್ಸುಲಿನ್ ವಿಷಯ ಮಾತ್ರ ಹೇಳುತ್ತೇನೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೂ ಬಳಸುವಂತಿಲ್ಲ. ಬಳಕೆಯಲ್ಲಿರುವ ಪೆನ್ ಅಥವಾ ಬಾಟಲಿಯನ್ನು ಸಾಮಾನ್ಯವಾಗಿ 25ರಿಂದ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಹೊರಗಿಡಬಹುದು, ನಿಖರವಾದ ಮಿತಿ ನಿಮ್ಮ ತಮ್ಮನವರ ಔಷಧದ ಚೀಟಿಯಲ್ಲಿದೆ. ಆದರೆ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕ್ಯಾಬಿನ್ 30 ಡಿಗ್ರಿಯನ್ನು ಬಹಳ ಬೇಗ ದಾಟುತ್ತದೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಅದನ್ನು ಇಡಲೇಬಾರದು.

ಕಂಪ್ರೆಸರ್ ಇಲ್ಲದ ತಣ್ಣನೆಯ ಪೆಟ್ಟಿಗೆ ಸಾಲದು. ಅದು ಹೊರಗಿನ ಶಾಖಕ್ಕಿಂತ ಹೆಚ್ಚೆಂದರೆ 15ರಿಂದ 20 ಡಿಗ್ರಿ ಇಳಿಸುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ನಡೆದೀತು, ನಾಗಪುರದ 45 ಡಿಗ್ರಿಯಲ್ಲಿ ಒಳಗೆ 25 ಇರುತ್ತದೆ. ಮೇಲಾಗಿ ಅದು ನಿಲ್ಲದೆ ಕರೆಂಟ್ ಎಳೆಯುತ್ತಲೇ ಇರುತ್ತದೆ. ಡಿಸಿ ಕಂಪ್ರೆಸರ್ ಫ್ರಿಜ್ಜನ್ನೇ ತೆಗೆದುಕೊಳ್ಳಿ, 5 ಡಿಗ್ರಿಗೆ ಇಡಿ, ಒಳಗೊಂದು ಚಿಕ್ಕ ಥರ್ಮಾಮೀಟರ್ ಹಾಕಿ, ಇನ್ಸುಲಿನ್ ತಣ್ಣನೆಯ ಗೋಡೆಗೆ ತಾಗದಂತೆ ಡಬ್ಬಿಯಲ್ಲಿಡಿ. ಫ್ರಿಜ್ ಕೆಟ್ಟ ದಿನಕ್ಕೆಂದು ಒಂದು ಥರ್ಮಾಸ್ ಫ್ಲಾಸ್ಕ್ ಜೊತೆಯಲ್ಲಿರಲಿ; ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ, ಔಷಧಕ್ಕೆ ನೇರ ತಗುಲದಂತೆ ಇಟ್ಟರೆ ಮುಂದಿನ ಊರಿನವರೆಗೆ ತಡೆಯುತ್ತದೆ. ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ಬರ್ತಿನ ಬಳಿ ಕೈಗೆಟಕುವಲ್ಲಿ ಇಟ್ಟುಕೊಂಡಿರಬೇಕು, ಬೆಳಗ್ಗೆ ಸ್ಟೇರಿಂಗ್ ಹಿಡಿಯುವ ಮೊದಲು ಸಕ್ಕರೆಯ ಮಟ್ಟ ನೋಡಿಕೊಳ್ಳಬೇಕು ಎಂದು ಅವರಿಗೆ ಹೇಳಿ.

ಉತ್ತರ: ಪೀಣ್ಯ ಆಟೋ ವೈರಿಂಗ್

ಬೇರೆ ಬ್ಯಾಟರಿ ಇಡುವುದಾದರೆ ಕೆಲಸ ಮಾಡಿಸುವಾಗ ನೀವು ನಿಂತು ನೋಡಬೇಕಾದ ಅಂಶಗಳನ್ನು ಬರೆಯುತ್ತೇನೆ, ಏಕೆಂದರೆ ಬೆಂಕಿ ಹುಟ್ಟುವುದು ಇನ್ವರ್ಟರಿನಲ್ಲಿ ಕಡಿಮೆ, ವೈರಿನಲ್ಲಿ ಹೆಚ್ಚು.

1000 ವ್ಯಾಟಿನ ಲೋಡಿಗೆ 24 ವೋಲ್ಟಿನಲ್ಲಿ ಸುಮಾರು 47 ಆಂಪಿಯರ್ ಹರಿಯುತ್ತದೆ. ಬ್ಯಾಟರಿಯಿಂದ ಇನ್ವರ್ಟರಿಗೆ ಮೂರು ಮೀಟರ್ ದೂರವಿದ್ದು, 6 ಚದರ ಮಿಲಿಮೀಟರಿನ ವೈರ್ ಹಾಕಿದರೆ ಹೋಗಿ ಬರುವ ದಾರಿಯಲ್ಲೇ 0.8 ವೋಲ್ಟ್ ಕಳೆದುಹೋಗುತ್ತದೆ, ಸುಮಾರು 40 ವ್ಯಾಟ್ ಶಾಖ ಆ ವೈರಿನಲ್ಲೇ ಹುಟ್ಟುತ್ತದೆ. ಅದೇ ದೂರಕ್ಕೆ 25 ಚದರ ಮಿಲಿಮೀಟರಿನ, ಎಳೆಗಳು ಹೆಚ್ಚಿರುವ ಮೆದು ತಾಮ್ರದ ಕೇಬಲ್ ಹಾಕಿದರೆ ನಷ್ಟ 0.2 ವೋಲ್ಟಿಗೆ ಇಳಿಯುತ್ತದೆ. ತಾಮ್ರವೆಂದು ಹೇಳಿ ತಾಮ್ರ ಬಳಿದ ಅಲ್ಯೂಮಿನಿಯಂ ಕೊಡುವವರಿದ್ದಾರೆ; ತುದಿಯನ್ನು ಚಾಕುವಿನಿಂದ ಕೆರೆದರೆ ಒಳಗಿನ ಬಿಳಿ ಬಣ್ಣ ಕಾಣುತ್ತದೆ. ಎಸ್.ಪಿ. ರಸ್ತೆಯಲ್ಲಿ ಒಳ್ಳೆಯ ಕೇಬಲ್ಲೂ ಸಿಗುತ್ತದೆ, ಇಂಥದ್ದೂ ಸಿಗುತ್ತದೆ. ಲಗ್ಗುಗಳನ್ನು (ಕೇಬಲ್ ತುದಿಯ ಲೋಹದ ಕಿವಿಗಳನ್ನು) ಸುತ್ತಿಗೆಯಿಂದ ಜಜ್ಜಲು ಬಿಡಬೇಡಿ, ಹೈಡ್ರಾಲಿಕ್ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿಸಿ. ಲಾರಿಯ ಅಲುಗಾಟಕ್ಕೆ ಸಡಿಲವಾದ ಲಗ್ ದಿನೇ ದಿನೇ ಕಾಯುತ್ತಾ ಹೋಗುತ್ತದೆ.

ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು. ಇನ್ವರ್ಟರಿನ ಪಕ್ಕದಲ್ಲಿ ಹಾಕಿದರೆ ನಡುವಿನ ಕೇಬಲ್ ಎಲ್ಲಿ ಉಜ್ಜಿ ಚಾಸಿಗೆ ತಗುಲಿದರೂ ತಡೆಯುವವರಿಲ್ಲ. 25 ಚದರ ಮಿಲಿಮೀಟರಿಗೆ 80 ಆಂಪಿಯರಿನ, ಡಿಸಿಗೆಂದೇ ಮಾಡಿದ ಬೋಲ್ಟ್ ಹಾಕುವ ಫ್ಯೂಸ್ ಸರಿ. ಮನೆಯ ಎಂಸಿಬಿಯನ್ನು (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚನ್ನು) ಇಲ್ಲಿ ಹಾಕುವುದು ತಪ್ಪು. ಮನೆಯ ಲೈನಿನ ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಶೂನ್ಯಕ್ಕೆ ಬರುವುದರಿಂದ ಕಿಡಿ ತಾನೇ ಆರುತ್ತದೆ, ಡಿಸಿಯಲ್ಲಿ ಹಾಗೆ ಆರದು. ಕ್ಯಾಬಿನ್ ಮುಂದಕ್ಕೆ ಬಾಗುವ ಲಾರಿಯಾದರೆ ಕೇಬಲ್ ಆ ಸಂದಿಯಲ್ಲಿ ಸಿಕ್ಕಿ ಜಜ್ಜದಂತೆ, ಕ್ಯಾಬಿನ್ ಎತ್ತಿ ಇಳಿಸಿ ನೋಡಿಯೇ ಕ್ಲ್ಯಾಂಪ್ ಹಾಕಿಸಬೇಕು.

ಲೋ ವೋಲ್ಟೇಜ್ ಕಟ್‌ಆಫ್ ಬಗ್ಗೆ ಕೊಳ್ಳುವ ಮೊದಲೇ ಕೇಳಿ. ಹೆಚ್ಚಿನ 24 ವೋಲ್ಟಿನ ಇನ್ವರ್ಟರುಗಳು 21 ವೋಲ್ಟಿಗೆ ನಿಲ್ಲುತ್ತವೆ, ಅಂದರೆ ಒಂದೊಂದು ಬ್ಯಾಟರಿ 10.5ಕ್ಕೆ ಬಂದ ಮೇಲೆ. ಅಷ್ಟರಲ್ಲಿ ಅದರಲ್ಲಿ ಏನೂ ಉಳಿದಿರುವುದಿಲ್ಲ. ಲೋಡಿಲ್ಲದೆ ನಿಂತ ಸೀಸ-ಆಮ್ಲದ ಜೋಡಿ ತುಂಬಿದಾಗ ಸುಮಾರು 25.4, ಅರ್ಧವಾದಾಗ ಸುಮಾರು 24.4 ತೋರಿಸುತ್ತದೆ. ಕುಕ್ಕರ್ ಹಾಕಿದಾಗ ವೋಲ್ಟೇಜ್ ಸ್ವಲ್ಪ ಕುಸಿಯುವುದನ್ನೂ ಸೇರಿಸಿ ನಾನು 23.6ರ ಹತ್ತಿರ ಕಟ್‌ಆಫ್ ಇಡುತ್ತೇನೆ. ಇದನ್ನು ಬದಲಿಸಲು ಬರುವ ಇನ್ವರ್ಟರ್, ಅಥವಾ ಬ್ಯಾಟರಿ ಪ್ರೊಟೆಕ್ಟರಿನಿಂದ ನಿಲ್ಲಿಸಲು ಬರುವಂತೆ ರಿಮೋಟ್ ಸ್ವಿಚ್ಚಿನ ತುದಿ ಇರುವ ಇನ್ವರ್ಟರ್ ತೆಗೆದುಕೊಳ್ಳಿ. ಫ್ರಿಜ್ಜಿನಲ್ಲಿ ಬ್ಯಾಟರಿ ರಕ್ಷಣೆಗೆ ಮೂರು ಹಂತಗಳಿದ್ದರೆ, ಅದು ಬೇರೆ ಬ್ಯಾಟರಿಗೆ ಸೇರಿದ್ದಾಗ ನಡುವಿನ ಹಂತ ಸಾಕು.

ಬಿಎಸ್ 6 ಲಾರಿಯಾದ್ದರಿಂದ ಎರಡು ಮಾತು. ಕಂಪನಿಯ ವೈರಿಂಗ್ ಹಾರ್ನೆಸ್ಸಿನ ಯಾವ ತಂತಿಯನ್ನೂ ಕತ್ತರಿಸಿ ಜೋಡಿಸಬಾರದು, ಬ್ಯಾಟರಿ ತುದಿಯಿಂದಲೇ ಹೊಸ ಲೈನ್ ಎಳೆಯಬೇಕು, ವಾರಂಟಿ ಇರುವಾಗ ಸರ್ವಿಸ್ ಸೆಂಟರಿನಲ್ಲಿ ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಹೊಗೆಯ ಶುದ್ಧಿಗೆ ಯೂರಿಯಾ ದ್ರಾವಣ ಹಾಕುವ ಲಾರಿಗಳಲ್ಲಿ ಇಗ್ನಿಶನ್ ಆಫ್ ಆದ ಮೇಲೂ ಪೈಪಿನಲ್ಲಿರುವ ದ್ರಾವಣವನ್ನು ಪಂಪ್ ಹಿಂದಕ್ಕೆಳೆಯುವ ಕೆಲಸ ಸ್ವಲ್ಪ ಹೊತ್ತು ನಡೆಯುತ್ತದೆ, ಅದು ಮುಗಿಯುವ ಮೊದಲು ಬ್ಯಾಟರಿ ಕಟ್‌ಆಫ್ ಸ್ವಿಚ್ ತಿರುಗಿಸಬಾರದು.

230 ವೋಲ್ಟಿನ ಕಡೆ ಒಂದೇ ಒಂದು ಸಾಕೆಟ್ ಇರಲಿ, ಮೂರು ಪಿನ್ನಿನದು. ಇನ್ವರ್ಟರಿನ ಬಾಡಿಯ ಅರ್ತ್ ಬೋಲ್ಟನ್ನು ಚಾಸಿಗೆ ಸೇರಿಸಿ. ನ್ಯೂಟ್ರಲ್ಲನ್ನು ಚಾಸಿಗೆ ಸೇರಿಸಬೇಕೇ ಬೇಡವೇ ಎನ್ನುವುದು ಆಯಾ ಇನ್ವರ್ಟರಿನ ಕೈಪಿಡಿಯಲ್ಲಿ ಹೇಳಿದಂತೆಯೇ ಆಗಬೇಕು, ಅಂದಾಜಿನ ಮೇಲೆ ಅಲ್ಲ. ಲಾರಿ ಟರ್ಮಿನಲ್‌ನಲ್ಲೋ ಧಾಬಾದಲ್ಲೋ ಲೈನ್ ಕರೆಂಟ್ ಸಿಕ್ಕಿದರೆ ಕುಕ್ಕರಿನ ಪಿನ್ನನ್ನು ಕಿತ್ತು ಆ ಎಕ್ಸ್‌ಟೆನ್ಶನ್ ಬೋರ್ಡಿಗೇ ಹಾಕಲಿ. ಆ ಲೈನನ್ನು ಇನ್ವರ್ಟರಿನ ಸಾಕೆಟ್ಟಿಗೆ ಎರಡೂ ಕಡೆ ಪಿನ್ ಇರುವ ವೈರಿನಿಂದ ಸೇರಿಸಿದರೆ ಇನ್ವರ್ಟರ್ ಅದೇ ಕ್ಷಣ ಸುಟ್ಟುಹೋಗುತ್ತದೆ, ಹೊರಗೆ ಚಾಚಿರುವ ಪಿನ್ ಮುಟ್ಟಿದವರ ಜೀವಕ್ಕೂ ಅಪಾಯ.

ಕೆಲಸ ಮುಗಿದ ದಿನ ಲಾರಿಯನ್ನು ದಾಸನಪುರದಲ್ಲೇ ನಿಲ್ಲಿಸಿಕೊಂಡು, ಕುಕ್ಕರಿನಲ್ಲಿ ನೀರು ಹಾಕಿ ಅರ್ಧ ಗಂಟೆ ಪೂರ್ತಿ ನಡೆಸಿ. ಆಮೇಲೆ ಇನ್ವರ್ಟರ್ ಆಫ್ ಮಾಡಿ, ಪ್ರತಿ ಲಗ್ಗನ್ನೂ ಫ್ಯೂಸಿನ ಎರಡೂ ತುದಿಗಳನ್ನೂ ಕೈಯಿಂದ ಮುಟ್ಟಿ ನೋಡಿ. ಕೇಬಲ್ ಉಗುರು ಬೆಚ್ಚಗಿದ್ದರೆ ಸರಿ. ಒಂದೇ ಜಾಗ ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಅಲ್ಲಿನ ಜೋಡಣೆ ಕೆಟ್ಟಿದೆ, ಅದನ್ನು ಬಿಚ್ಚಿ ಮತ್ತೆ ಕ್ರಿಂಪ್ ಮಾಡಿಸಿದ ಮೇಲೆಯೇ ಲಾರಿಯನ್ನು ಲೋಡಿಗೆ ಕಳುಹಿಸಿ.